ಕಲ್ಲು ದಾಟಿದ ನೆರಳು

ಆಗ ನನ್ನ ಸುಪರ್ದಿನಲ್ಲಿ ನಾಲ್ಕುನೂರ ಹನ್ನೆರಡು ಮರಗಳೂ ಅರವತ್ತಮೂರು ನೆರಳುಗಳೂ ಇದ್ದವು. ಮರಗಳಿಂದ ನನಗೆ ಅಂಥ ತೊಂದರೆಯೇನೂ ಇರಲಿಲ್ಲ. ರಗಳೆಯೆಲ್ಲ ನೆರಳುಗಳದ್ದೇ. ಹಳೆ ಅಂಚೆ ಕಚೇರಿಯ ಮುಂದಿನ ಮಾವನ್ನು ಕಡಿದು ಎಂಟು ವರ್ಷವಾಗಿತ್ತು. ಅದರ ನೆರಳು ಮಧ್ಯಾಹ್ನ ನಾಲ್ಕಕ್ಕೆ ಎದುರು ಮನೆಯ ತಾರಸಿ ಹತ್ತುತ್ತದೆ, ಸಂಡಿಗೆ ಒಣಗುವುದಿಲ್ಲ ಎಂದು ಆ ಮನೆಯಾಕೆ ಪ್ರತಿ ಬೇಸಿಗೆಯಲ್ಲೂ ಅರ್ಜಿ ಕೊಡುತ್ತಿದ್ದಳು. ಬಸ್ ನಿಲ್ದಾಣದ ಹತ್ತಿರದ ಬೇವಿನ ನೆರಳಿಗಾಗಿ ಆಟೋದವರು ಕೈ ಕೈ ಮಿಲಾಯಿಸಿದ್ದರು. ದರ್ಜಿಯೊಬ್ಬ ಹೊಲಿಗೆ ಯಂತ್ರಕ್ಕೆ ಗಾಲಿ ಹಾಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ನೆರಳಿನ ಜೊತೆಗೇ ಸರಿಯುತ್ತಿದ್ದ. ಅವನನ್ನು ಹುಡುಕಬೇಕಾದರೆ ಜನ ಮೊದಲು ಗಂಟೆ ನೋಡುತ್ತಿದ್ದರು.

ಮರ ಹೋದ ಮೇಲೂ ಇರುವ ನೆರಳು ಮರವಿದ್ದಾಗಿನ ಹಾಗೆಯೇ ಇರುತ್ತದೆ. ಗಾಳಿಗೆ ಅಲ್ಲಾಡುತ್ತದೆ, ಎಲೆ ಉದುರುವ ಕಾಲಕ್ಕೆ ತೆಳುವಾಗುತ್ತದೆ, ಚಿಗುರುವಾಗ ತುಂಬಿಕೊಳ್ಳುತ್ತದೆ. ಆ ಮರ ಇನ್ನೆಷ್ಟು ವರ್ಷ ಬದುಕುತ್ತಿತ್ತೋ ಅಷ್ಟು ವರ್ಷ ಬೆಳೆದು, ಮುದಿಯಾಗಿ, ಕೊನೆಗೊಂದು ದಿನ ಹೋಗುತ್ತದೆ. ಜನಕ್ಕೆ ಮರಕ್ಕಿಂತ ಇದೇ ಹಿತ. ಕಾಗೆ ಹಿಕ್ಕೆಯಿಲ್ಲ, ಕಂಬಳಿಹುಳು ಇಲ್ಲ, ಕಸ ಗುಡಿಸಬೇಕಾಗಿಲ್ಲ. ಪುರಸಭೆಯ ಸದಸ್ಯರೊಬ್ಬರು ಪ್ರತಿ ಸಭೆಯಲ್ಲೂ, "ಕಡಿದ್ರೂ ನೆರಳು ಇರ್ತದಲ್ಲಮ್ಮ, ಇನ್ನೇನು ಬೇಕು?" ಎಂದು ನನ್ನನ್ನು ಕೆಣಕುತ್ತಿದ್ದರು. ಆ ನೆರಳಿನಡಿ ನೆಟ್ಟ ಸಸಿ ಬೆಳ್ಳಗೆ ಸೊರಗಿ ಸಾಯುತ್ತದೆ, ನೆರಳಿನ ಆಯುಷ್ಯ ಮುಗಿದ ಮೇಲೆ ಅಲ್ಲಿ ಉಳಿಯುವುದು ಬೋಳು ನೆಲ ಎಂದು ನಾನೂ ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ. ಅಷ್ಟರಲ್ಲಿ ಚಹಾ ಬರುತ್ತಿತ್ತು.

ಉದ್ಯಾನ ವಿಭಾಗದ ಮೇಲ್ವಿಚಾರಕಿಯಾಗಿ ನನ್ನ ಕೆಲಸ ಎರಡು ಬಗೆಯದು. ಮೊದಲನೆಯದು ಹುಲ್ಲು, ನೀರು, ಬೇಲಿ, ಜಾರುಬಂಡೆ, ಮಾಲಿಗಳ ಹಾಜರಿ. ಎರಡನೆಯದು ಪರಿಸರ ಪಾಲನಾ ವರದಿ. ಯಾವ ಮರವನ್ನಾದರೂ ಕಡಿಯಬೇಕಾದರೆ ಅದು ಒಳಗೆ ಪೊಳ್ಳಾಗಿದೆ ಎಂದು ಬಡಿದು ನೋಡಿದವನು ಹೇಳಬೇಕು, ಅದನ್ನು ನಾನು ಚೀಟಿಯಲ್ಲಿ ಬರೆಯಬೇಕು. ಕಡಿದ ವರ್ಷ ಸೂರ್ಯ ನೆತ್ತಿಗೆ ಬರುವ ದಿನ, ಮನುಷ್ಯರ ನೆರಳು ಅವರವರ ಕಾಲಡಿಗೇ ಸೇರಿಹೋಗುವ ಮಧ್ಯಾಹ್ನದಲ್ಲಿ, ಮರದ ನೆರಳಿನ ಅಂಚಿಗೆ ಸುತ್ತಲೂ ಕಲ್ಲು ಹೂಳಬೇಕು. ಮೂರು ವರ್ಷ ಕಳೆದು ಅದೇ ದಿನ ಮತ್ತೆ ಅಳೆಯಬೇಕು. ನೆರಳು ಕಲ್ಲಿಗಿಂತ ಒಳಗೆ ಸರಿದಿದ್ದರೆ ಮರ ನಿಜಕ್ಕೂ ಸಾಯುತ್ತಿತ್ತು, ಕಡತ ಮುಗಿಯಿತು. ಕಲ್ಲು ದಾಟಿದ್ದರೆ ಅದು ತಪ್ಪು ಕಡಿತ. ಬಡಿದವನು ಎಲ್ಲರೆದುರು ತಾನು ಬಡಿಯುವ ಕೊಡತಿಯನ್ನು, ಆ ಮರದ ಸುತ್ತಿಗೆಯನ್ನು, ಆ ನೆರಳಿನಲ್ಲಿ ಇಟ್ಟು ಹೋಗಬೇಕು. ಆಮೇಲೆ ಅವನಾಗಲಿ ಅವನ ಮಕ್ಕಳಾಗಲಿ ಈ ಊರಿನ ಯಾವ ಮರವನ್ನೂ ಬಡಿಯುವಂತಿಲ್ಲ. ಬರೆದವರಿಗೆ ಯಾವ ನಿಯಮವೂ ಇಲ್ಲ. ಬಡಿದವನು ಹೇಳಿದ್ದನ್ನು ಬರೆಯುವವರು ಹಾಗೆಯೇ ಬರೆಯುತ್ತಾರೆ ಎಂದು ನಿಯಮ ಮಾಡಿದವರು ನಂಬಿದ್ದರು.

ಬಡಿಯುವವನ ಹೆಸರು ದ್ಯಾವೀರಪ್ಪ. ಅಪ್ಪ, ತಾತ ಎಲ್ಲ ಅದೇ ಕೆಲಸದವರು. ತಾತನ ಕಾಲದ ಹುಣಸೆ ಮರದ ಕೊಡತಿ, ಹಿಡಿ ಮೂರು ತಲೆಮಾರಿನ ಬೆವರಿಗೆ ಕಪ್ಪಾಗಿತ್ತು. ಕಾಂಡಕ್ಕೆ ಎಡಗಿವಿ ಒತ್ತಿ, ಕಣ್ಣು ಮುಚ್ಚಿ, ಸೊಂಟದೆತ್ತರಕ್ಕೊಂದು, ಎದೆಯೆತ್ತರಕ್ಕೊಂದು ಏಟು ಹಾಕುತ್ತಿದ್ದ. "ಗಟ್ಟಿ ಮರ ಏಟನ್ನ ವಾಪಸ್ ಕೊಡ್ತೈತೆ ಮೇಡಂನೋರೆ. ಪೊಳ್ಳು ಮರ ನುಂಗ್ಕೊಂತೈತೆ," ಎನ್ನುತ್ತಿದ್ದ. ನಾನೂ ಒಂದೆರಡು ಸಲ ಕಿವಿಯಿಟ್ಟು ನೋಡಿದ್ದೆ. ನನಗೆ ಎಲ್ಲವೂ ಒಂದೇ ಸದ್ದು. ಅವನಿಗೆ ಓದು ಬಾರದು. ಪ್ರತಿ ಚೀಟಿಗೂ ಅವನ ಹೆಬ್ಬೆಟ್ಟು ಬೇಕು. ಮಸಿ ಡಬ್ಬಿಯನ್ನು ಮರದಿಂದ ಮರಕ್ಕೆ ಹೊತ್ತು ತಿರುಗುವ ತಾಪತ್ರಯ ಯಾಕೆಂದು ಸೋಮವಾರ ಬೆಳಿಗ್ಗೆಯೇ ಹತ್ತು ಖಾಲಿ ಚೀಟಿಗಳಿಗೆ ಒತ್ತಿಸಿಕೊಂಡುಬಿಡುತ್ತಿದ್ದೆ. ಹನ್ನೊಂದು ವರ್ಷ ಹಾಗೇ ನಡೆಯಿತು. ಅವನು ಹೇಳುತ್ತಿದ್ದ, ನಾನು ಅವನು ಹೇಳಿದ್ದನ್ನೇ ಬರೆಯುತ್ತಿದ್ದೆ.

ಹನ್ನೆರಡನೆಯ ವರ್ಷ ದೊಡ್ಡ ಉದ್ಯಾನದ ಗೇಟಿನ ಬಳಿಯ ಮಳೆಮರದ ಕೊಂಬೆ ತಿಪ್ಪಮ್ಮನ ಮೇಲೆ ಬಿತ್ತು. ತಿಪ್ಪಮ್ಮ ಅಲ್ಲಿ ಬುಟ್ಟಿ ಇಟ್ಟುಕೊಂಡು, ಸೌತೆಕಾಯಿ ಸೀಳಿ ಉಪ್ಪು ಖಾರ ಸವರಿ ಮಾರುತ್ತಿದ್ದಳು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಊರವರು ಮರವನ್ನು ಬೈದರು. ಕೆಲವರು ದ್ಯಾವೀರಪ್ಪನನ್ನೂ ಬೈದರು. ಅವನು ಕಾಂಡ ಗಟ್ಟಿ ಎಂದಿದ್ದ, ಕಾಂಡ ಗಟ್ಟಿಯಾಗಿಯೇ ಇತ್ತು. ಒಣಗಿದ್ದು ಒಂದು ಕೊಂಬೆ. ಅದನ್ನು ಸವರಬೇಕೆಂದು ಮಾಲಿಗಳು ಕೊಟ್ಟ ಪಟ್ಟಿ ಎರಡು ತಿಂಗಳಿನಿಂದ ನನ್ನ ಮೇಜಿನ ಮೇಲೆ, ಹಾಜರಿ ಪುಸ್ತಕದ ಅಡಿಯಲ್ಲಿ ಬಿದ್ದಿತ್ತು. ಅದು ನನ್ನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನು ಆ ಪಟ್ಟಿಯನ್ನು ಹರಿದು ಹಾಕಿದೆ. ಆಸ್ಪತ್ರೆಗೆ ಹೋಗಿ ತಿಪ್ಪಮ್ಮನಿಗೆ ಮೂಸಂಬಿ ಕೊಟ್ಟು ಬಂದೆ.

ಅಲ್ಲಿಂದ ನನಗೆ ಮರ ಕಂಡರೆ ಭಯ. ಗಾಳಿ ಬೀಸಿದರೆ ಕಚೇರಿಯಲ್ಲಿ ಕೂತು ಕೆಲಸ ಮಾಡಲಾಗುತ್ತಿರಲಿಲ್ಲ. ಕಿಟಕಿಯಾಚೆ ಕೊಂಬೆ ಕಿರುಗುಟ್ಟಿದರೆ ಎದ್ದು ಹೋಗಿ ಮರ ನೋಡಿ ಬರುತ್ತಿದ್ದೆ. ಎಂಟು ತಿಂಗಳಾದ ಮೇಲೆ, ಅದೇ ಉದ್ಯಾನದ ಮಕ್ಕಳ ಮೂಲೆಯ ಹೊಂಗೆ ಮರ ಸದ್ದು ಮಾಡುತ್ತದೆ ಎಂದು ಇಬ್ಬರು ತಾಯಂದಿರು ದೂರು ತಂದರು. ಜಾರುಬಂಡೆಯ ಪಕ್ಕದಲ್ಲೇ ಇದ್ದ ದಟ್ಟ ಮರ. ದ್ಯಾವೀರಪ್ಪ ಬಡಿದ. ನನ್ನ ಕಡೆ ತಿರುಗಿ ನಕ್ಕು, "ಗಟ್ಟಿ ಐತೆ ಮೇಡಂನೋರೆ. ಕಬ್ಬಿಣ ಇದ್ದಂಗೈತೆ. ಆ ಎರಡು ಕೊಂಬೆ ಒಂದಕ್ಕೊಂದು ಉಜ್ತವೆ, ಅದೇ ಸದ್ದು. ಒಂದನ್ನ ತಗ್ಸಿದ್ರೆ ಆಯ್ತು," ಎಂದ.

ಕಚೇರಿಗೆ ಬಂದು ಅವನ ಹೆಬ್ಬೆಟ್ಟಿದ್ದ ಚೀಟಿಯೊಂದನ್ನು ತೆಗೆದು 'ಪೊಳ್ಳು' ಎಂದು ಬರೆದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ಜಾರುಬಂಡೆಯ ಮೇಲೆ ಮಗುವೊಂದು ಕೂತಿರುವುದು, ಕೊಂಬೆ ಬೀಳುವುದು, ಇಷ್ಟೇ ನನ್ನ ಕಣ್ಣ ಮುಂದೆ ಇದ್ದದ್ದು. ಮರ ಇಲ್ಲದಿದ್ದರೆ ಭಯವೂ ಇರುವುದಿಲ್ಲ ಎಂದುಕೊಂಡೆ.

ಕಡಿಯುವ ದಿನ ಕೆರೆ ಏರಿಯ ಸಸಿಗಳನ್ನು ಎಣಿಸಿ ಬಾ ಎಂದು ದ್ಯಾವೀರಪ್ಪನನ್ನು ಊರಿನ ಇನ್ನೊಂದು ತುದಿಗೆ ಕಳಿಸಿದೆ. ಬೇರೆ ಊರಿನ ಕೊಯ್ಯುವವರು ಬಂದರು. ಮರ ಬಿದ್ದಾಗ ಹತ್ತಿರ ಹೋಗಿ ನೋಡಿದೆ. ಕೊಯ್ದ ಜಾಗ ಬೆಳ್ಳಗೆ, ತೇವವಾಗಿ, ಹಸಿ ವಾಸನೆ ಹೊಡೆಯುತ್ತಿತ್ತು. ಒಂದು ಕೂದಲು ತೂರುವಷ್ಟೂ ಬಿರುಕಿರಲಿಲ್ಲ. ಸಂಜೆಯೊಳಗೆ ಬುಡವನ್ನೂ ಅಗೆಸಿ ಸಾಗಿಸಿ, ಆ ಜಾಗದಲ್ಲಿ ಅಳತೆಯ ಕಬ್ಬಿಣದ ಗೂಟ ಹೊಡೆಸಿದೆ. ಮಾರನೆಯ ದಿನ ದ್ಯಾವೀರಪ್ಪ ಬಂದು ಖಾಲಿ ಜಾಗದ ಮುಂದೆ ನಿಂತ. ನೆರಳು ಅವನ ಮೈಮೇಲೆ ಆಡುತ್ತಿತ್ತು.

"ಒಳಗೆ ಹೆಂಗಿತ್ತು ಮೇಡಂನೋರೆ?" ಎಂದು ಕೇಳಿದ.

"ಮುಷ್ಟಿ ಹೋಗುವಷ್ಟು ತೂತಿತ್ತು. ನನಗೆ ಯಾಕೋ ಅನುಮಾನ ಬಂದು ಕಡಿಸಿದೆ," ಎಂದೆ. ಅವನ ಮುಖ ನೋಡಿ ಇನ್ನೂ ಒಂದು ಮಾತು ಸೇರಿಸಿದೆ. "ಯಾರಿಗೂ ಹೇಳಬೇಡ. ನಿನ್ನ ಮರ್ಯಾದೆ ಹೋಗಬಾರದು ಅಂತ ಚೀಟಿಯಲ್ಲಿ ನೀನೇ ಪೊಳ್ಳು ಅಂದೆ ಅಂತ ಬರೆದಿದ್ದೀನಿ."

ಅವನು ನನಗೆ ಕೈ ಮುಗಿದ. ನನ್ನ ಜೀವನದಲ್ಲಿ ಎಷ್ಟೋ ಜನ ನನಗೆ ಕೈ ಮುಗಿದಿದ್ದಾರೆ. ಆ ಒಂದನ್ನು ಮಾತ್ರ ಹಿಂದಿರುಗಿಸಿಬಿಡಬೇಕು ಎಂದು ಅನ್ನಿಸುತ್ತಲೇ ಇತ್ತು.

ಆ ವಾರದಿಂದ ದ್ಯಾವೀರಪ್ಪ ಎಡಗಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡತೊಡಗಿದ. ಬೆಳಿಗ್ಗೆ ಹತ್ತಿಯುಂಡೆ ತುರುಕಿಕೊಂಡೇ ಕೆಲಸಕ್ಕೆ ಬರುತ್ತಿದ್ದ. ಬಡಿಯುವಾಗ ಮಾತ್ರ ಅದನ್ನು ತೆಗೆದು ಮೇಲಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಎರಡು ಏಟಿನ ಕಡೆ ಹತ್ತು ಏಟು ಹಾಕುತ್ತಿದ್ದ. ಕೊನೆಗೆ ನನ್ನ ಕಡೆ ನೋಡಿ, "ಪೊಳ್ಳಿದ್ರೂ ಇರ್ಬೋದು ಮೇಡಂನೋರೆ. ಈಗ ನನ್ ಕಿವಿ ನಂಬಂಗಿಲ್ಲ," ಎನ್ನುತ್ತಿದ್ದ. ಅವನು 'ಇರ್ಬೋದು' ಎಂದದ್ದನ್ನು ನಾನು 'ಪೊಳ್ಳು' ಎಂದು ಬರೆದೆ. ಹಾಗೆ ಮೂರು ವರ್ಷದಲ್ಲಿ ಹತ್ತೊಂಬತ್ತು ಮರ ಕಡಿಸಿದೆವು. ಯಾವ ಕೊಂಬೆಯೂ ಯಾರ ಮೇಲೂ ಬೀಳಲಿಲ್ಲ. ನನ್ನ ಪಾಲನಾ ವರದಿಯನ್ನು ಮೇಲಿನವರು ಹೊಗಳಿ ಪತ್ರ ಬರೆದರು.

ಹೊಂಗೆಯ ನೆರಳು ತಿಪ್ಪಮ್ಮನ ಪಾಲಾಯಿತು. ಊರುಗೋಲು ಹಿಡಿದು ಮತ್ತೆ ವ್ಯಾಪಾರಕ್ಕೆ ಬಂದ ಮೇಲೆ ಅವಳು ಮರದಡಿ ಕೂರುತ್ತಿರಲಿಲ್ಲ. ಮರವಿಲ್ಲದ ನೆರಳಲ್ಲಿ ಕೊಂಬೆ ಬೀಳುವ ಭಯವಿಲ್ಲವಲ್ಲ. ನಾನು ಹಾದುಹೋಗುವಾಗಲೆಲ್ಲ ಒಂದು ಹೋಳು ಸೌತೆಕಾಯಿ ಕೊಡುತ್ತಿದ್ದಳು. ನಾನು ಅದನ್ನು ಜಾರುಬಂಡೆಯ ಆಚೆ ಹೋಗಿ ಬಿಸಾಡುತ್ತಿದ್ದೆ.

ಮೂರನೆಯ ವರ್ಷದ ಅಳತೆಯ ಹಿಂದಿನ ದಿನ ಮಧ್ಯಾಹ್ನ ಒಬ್ಬಳೇ ಹೋಗಿ ನೋಡಿದೆ. ಹೊಂಗೆ ಚಿಗುರಿ ತುಂಬಿಕೊಳ್ಳುವ ಕಾಲ. ನೆರಳು ಕಲ್ಲಿನ ಸಾಲನ್ನು ದಾಟಿ ಹುಲ್ಲಿನ ಮೇಲೆ ಒಂದು ಮಾರು, ಅಂದರೆ ಎರಡು ಕೈ ಚಾಚಿದಷ್ಟು ಆಚೆಗೆ ಬಿದ್ದಿತ್ತು. ಮರ ಇದ್ದಿದ್ದರೆ ನನಗಿಂತ, ದ್ಯಾವೀರಪ್ಪನಿಗಿಂತ, ಜಾರುಬಂಡೆಯ ಮೇಲೆ ಆಡುವ ಮಕ್ಕಳಿಗಿಂತ ಹೆಚ್ಚು ಕಾಲ ಬಾಳುತ್ತಿತ್ತು.

ಕಾಲೆಳೆದುಕೊಂಡು ಮುಖ್ಯಾಧಿಕಾರಿಯ ಕೋಣೆಗೆ ಹೋದೆ. ಅವರ ಹೆಸರು ಶಿವರುದ್ರಸ್ವಾಮಿ, ಒಳ್ಳೆಯ ಮನುಷ್ಯ, ಯಾವುದನ್ನೂ ಎರಡನೆಯ ಸಲ ಯೋಚಿಸುವ ಅಭ್ಯಾಸವಿಲ್ಲ. ನೆರಳು ಕಲ್ಲು ದಾಟಿದೆ ಎಂದೆ. ಅವರು ಕಡತ ತರಿಸಿ ಚೀಟಿ ನೋಡಿದರು. "ಹೆಬ್ಬೆಟ್ಟು ದ್ಯಾವೀರಪ್ಪನದು. ಪಾಪ, ವಯಸ್ಸಾಗಿದೆ, ಕಿವಿಯೂ ಸರಿಯಿಲ್ಲ ಅಂತ ಎಲ್ಲರೂ ಹೇಳ್ತಾರೆ. ನಾಳೆ ಕೊಡತಿ ಇಡಲಿ. ನೀವ್ಯಾಕಮ್ಮ ಇಷ್ಟು ಸಪ್ಪಗಿದ್ದೀರಿ? ನೀವು ಬರೆದವರು ಅಷ್ಟೇ," ಎಂದರು. ಆ ಮಾತು ಕೇಳಿ ನನಗೆ ಒಂದು ಗಳಿಗೆ ನಿರಾಳವಾಯಿತು. ಹಾಗೆ ನಿರಾಳವಾದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಅಳತೆಯ ದಿನ ಹನ್ನೆರಡಾಗುತ್ತಲೇ ಜನ ಸೇರಿದರು. ಅಳತೆ ನೋಡುವುದು ನಮ್ಮೂರವರಿಗೆ ಒಂದು ಅಭ್ಯಾಸ. ಮುಖ್ಯಾಧಿಕಾರಿ ಕೊಡೆ ಹಿಡಿಸಿಕೊಂಡು ಬಂದರು. ತಿಪ್ಪಮ್ಮ ಬುಟ್ಟಿಯನ್ನು ಗೂಟದಿಂದ ಸ್ವಲ್ಪ ಸರಿಸಿ ಕೂತಳು. ದ್ಯಾವೀರಪ್ಪ ಸೊಂಟಕ್ಕೆ ಕೊಡತಿ ಸಿಕ್ಕಿಸಿಕೊಂಡು, ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ಪೂರ್ವಕ್ಕೆ ನಡೆದ. ಮಾಲಿಯೊಬ್ಬ ಅವನ ಹಿಂದೆ ಸುಣ್ಣದ ಡಬ್ಬಿ ಹಿಡಿದಿದ್ದ. ಕಲ್ಲು ಸಿಕ್ಕಿತು. ದ್ಯಾವೀರಪ್ಪ ನಿಂತು ಕಾಲಡಿ ನೋಡಿದ. ಅವನಿನ್ನೂ ನೆರಳಿನಲ್ಲೇ ಇದ್ದ. ಇನ್ನೆರಡು ಹೆಜ್ಜೆ ಇಟ್ಟ. ಎಲೆಗಳ ನೆರಳು ಅವನ ಪಾದದ ಮೇಲೆ ಅಲುಗುತ್ತಿತ್ತು. ಮೂರನೆಯ ಹೆಜ್ಜೆಗೆ ಬಿಸಿಲು ಬಂತು. ಪಶ್ಚಿಮಕ್ಕೂ ಹಾಗೇ. ದಕ್ಷಿಣಕ್ಕೆ ಇನ್ನೂ ಹೆಚ್ಚು.

ಅವನು ಹಗ್ಗ ಬಿಟ್ಟ. ಆಮೇಲೆ ನನ್ನನ್ನು ನೋಡಿದ. ಮುಷ್ಟಿ ಹೋಗುವಷ್ಟು ತೂತು ಇರಲಿಲ್ಲ ಎಂಬುದು ಅವನಿಗೆ ಅಲ್ಲೇ, ಆ ಹುಲ್ಲಿನ ಮೇಲೆ ತಿಳಿದುಹೋಯಿತು. ನಾನು ಅದನ್ನು ಕಣ್ಣಾರೆ ಕಂಡೆ. ಬಾಯಿಬಿಟ್ಟು ಹೇಳುತ್ತಾನೆ ಎಂದು ಕಾದೆ. ಹೇಳಿದರೂ ನಂಬುವವರು ಯಾರು? ಚೀಟಿಯಲ್ಲಿ ಅವನ ಹೆಬ್ಬೆಟ್ಟಿತ್ತು. ಊರೆಲ್ಲ ಅವನ ಕಿವಿಯ ಹತ್ತಿಯನ್ನು ನೋಡಿತ್ತು.

"ನಿಯಮ ಗೊತ್ತಲ್ಲಪ್ಪ," ಎಂದರು ಮುಖ್ಯಾಧಿಕಾರಿ ಮೆತ್ತಗೆ.

"ಗೊತ್ತೈತೆ ಸ್ವಾಮಿ," ಎಂದ ದ್ಯಾವೀರಪ್ಪ. ಸೊಂಟದಿಂದ ಕೊಡತಿ ತೆಗೆದ. ಗೂಟದ ಹತ್ತಿರ ಬಂದು ಬಗ್ಗಿದ. ಇಡುವ ಮೊದಲು ಹಿಡಿಯನ್ನು ಪಂಚೆಯ ಅಂಚಿನಿಂದ ಒರೆಸಿದ. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ಅವನು ಸುಮ್ಮನೆ ಇಟ್ಟು ಹೋಗಿದ್ದರೆ ನಾನು ಬಹುಶಃ ಸುಮ್ಮನೇ ಇದ್ದುಬಿಡುತ್ತಿದ್ದೆ. ಅವನು ಒರೆಸಿದ.

"ಇಡಬೇಡ," ಎಂದೆ. ನನ್ನ ದನಿ ನನಗೇ ಯಾರದ್ದೋ ಅನ್ನಿಸಿತು. "ಅವನು ಗಟ್ಟಿ ಅಂತಲೇ ಹೇಳಿದ್ದ. ಪೊಳ್ಳು ಅಂತ ಬರೆದವಳು ನಾನು. ಒಳಗೆ ತೂತು ಇರಲಿಲ್ಲ. ಇತ್ತು ಅಂತ ಅವನಿಗೆ ಸುಳ್ಳು ಹೇಳಿದವಳೂ ನಾನೇ."

ಮುಖ್ಯಾಧಿಕಾರಿ ಕೊಡೆಯ ಕೆಳಗಿನಿಂದ ಆಚೆ ಬಂದರು. "ಯಾಕಮ್ಮ?" ಎಂದರು. ಅದಕ್ಕೂ ಉತ್ತರ ಹೇಳಿದೆ. ಮಳೆಮರದ ಕೊಂಬೆ, ಮೇಜಿನ ಮೇಲಿದ್ದ ಪಟ್ಟಿ, ಹರಿದು ಹಾಕಿದ್ದು, ಭಯ, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ಅಳು ಬಂತು. ಅತ್ತರೆ ಯಾರಾದರೂ ಸಮಾಧಾನ ಮಾಡುತ್ತಾರೆ ಎಂಬ ಆಸೆಯೂ ಆ ಅಳುವಿನಲ್ಲಿ ಇತ್ತು. ಯಾರೂ ಮಾಡಲಿಲ್ಲ.

ತಿಪ್ಪಮ್ಮ ಚಾಕುವನ್ನು ಬುಟ್ಟಿಯಲ್ಲಿಟ್ಟಳು. "ಆ ಪಟ್ಟಿ ನಿಮ್ಮತ್ರಾನೇ ಇತ್ತಾ?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ತನ್ನ ಕಾಲಿಲ್ಲದ ಜಾಗ ನೋಡಿಕೊಂಡಳು. "ನನ್ ಕಾಲಿನ ಹೆಸ್ರಲ್ಲಿ ಮರ ಕಡಿಸಿದ್ರಲ್ಲ, ನಾನ್ ಕೇಳಿದ್ನಾ? ಕೊಂಬೆ ತಗ್ಸಿ ಅಂದವ್ರ ಮಾತು ಕೇಳ್ಲಿಲ್ಲ. ಗಟ್ಟಿ ಐತೆ ಅಂದವ್ನ ಮಾತೂ ಕೇಳ್ಲಿಲ್ಲ," ಎಂದಳು. ಅವಳು ಕೂಗಲಿಲ್ಲ. ಊರುಗೋಲು ಊರಿ ಎದ್ದು, ಬುಟ್ಟಿಯನ್ನು ಕಂಕುಳಿಗೆ ಏರಿಸಿ, ಆ ನೆರಳಿನಿಂದ ಆಚೆ ಬಿಸಿಲಿಗೆ ಹೋದಳು.

ದ್ಯಾವೀರಪ್ಪ ಇನ್ನೂ ಕೊಡತಿ ಹಿಡಿದೇ ಇದ್ದ. ನಿಧಾನವಾಗಿ ಎಡಗಿವಿಯ ಹತ್ತಿಯುಂಡೆ ತೆಗೆದು ನೋಡಿದ. "ಹಂಗಾದ್ರೆ ನನ್ ಕಿವಿ ಚೆನ್ನಾಗೇ ಇತ್ತು," ಎಂದ. ಅವನಿಗೆ ಸಂತೋಷವಾಗಬಹುದು ಎಂದುಕೊಂಡಿದ್ದೆ. ಅವನ ಮುಖ ಕಪ್ಪಿಟ್ಟಿತು. "ಆಮೇಲೆ ಕಡ್ಸಿದ ಹತ್ತೊಂಬತ್ತು ಮರ ಮೇಡಂನೋರೆ? ಅವೆಲ್ಲಾ ನನ್ ಕಿವಿಗೆ ಗಟ್ಟಿ ಅಂತಾನೇ ಕೇಳ್ತಿದ್ವು. ಒಂದೋ ಎರಡೋ ಬಿಟ್ರೆ ಎಲ್ಲಾನೂ. ಕಿವಿ ಕೆಟ್ಟೈತೆ ಅಂತ ನಾನೇ ಇರ್ಬೋದು ಅಂದೆ. ಮೂರು ವರ್ಷ ಸತ್ತ ಕಿವಿ ಹೊತ್ಕಂಡು ತಿರುಗ್ದೆ. ನೀವು ಕುರ್ಚಿ ಮ್ಯಾಲೆ ಕುಂತು ನೋಡ್ತಿದ್ರಿ."

ಹತ್ತಿಯುಂಡೆಯನ್ನು ನೆಲಕ್ಕೆ ಎಸೆದು ಅವನು ಗೇಟಿನ ಕಡೆ ನಡೆದ. ಕೆಲಸ ಬಿಟ್ಟು ಹೋಗುತ್ತಿದ್ದಾನೆ ಎಂದುಕೊಂಡೆ. ಗೇಟಿನ ಪಕ್ಕದಲ್ಲೊಂದು ಬೇವಿನ ಮರವಿತ್ತು. ಮುಂದಿನ ವಾರ ಕಡಿಯುವುದಕ್ಕೆಂದು ನಾವೇ ಕೆಂಪು ಬಣ್ಣದ ಗುರುತು ಹಾಕಿಸಿದ್ದೆವು. ಅವನು ಅದಕ್ಕೆ ಕಿವಿ ಒತ್ತಿ, ಕಣ್ಣು ಮುಚ್ಚಿ, ಸೊಂಟದೆತ್ತರಕ್ಕೊಂದು, ಎದೆಯೆತ್ತರಕ್ಕೊಂದು ಏಟು ಹಾಕಿದ. ಎರಡೇ ಏಟು. ಹಿಂದೆ ತಿರುಗಿ ನೋಡದೆ, "ಗಟ್ಟಿ. ಬರೀರಿ," ಎಂದ.

ಅವನ ಹಿಂದೆಯೇ ಹೋಗಿದ್ದ ನಾನು ಚೀಲದಿಂದ ಚೀಟಿಗಳನ್ನು ತೆಗೆದೆ. ಸೋಮವಾರ ಹೆಬ್ಬೆಟ್ಟು ಒತ್ತಿಸಿಕೊಂಡ ಚೀಟಿಗಳು. ಅವನು ಅವನ್ನು ಕೈಗೆ ತೆಗೆದುಕೊಂಡು ಒಟ್ಟಿಗೆ ಹರಿದ. ಖಾಲಿ ಚೀಟಿ ಕೇಳಿದ. ನಾನು ಮರದ ಕಾಂಡಕ್ಕೆ ಚೀಟಿ ಒತ್ತಿ ಹಿಡಿದು ಬರೆದೆ. "ಓದಿ," ಎಂದ. ಓದಿದೆ. "ಎಲ್ರಿಗೂ ಕೇಳಂಗೆ ಓದಿ." ಜೋರಾಗಿ ಓದಿದೆ. ಅಳತೆ ನೋಡಲು ಸೇರಿದ್ದ ಆಟೋದವರಲ್ಲಿ ಒಬ್ಬ ಹತ್ತಿರ ಬಂದು ಚೀಟಿ ಇಣುಕಿ ನೋಡಿ, ಹೌದು ಎಂದು ತಲೆಯಾಡಿಸಿದ. ಆಮೇಲೆ ದ್ಯಾವೀರಪ್ಪ ಮಸಿ ಕೇಳಿ ಹೆಬ್ಬೆಟ್ಟು ಒತ್ತಿದ.

ಬರೆದವರಿಗೆ ನಿಯಮವಿಲ್ಲದ್ದರಿಂದ ನನ್ನನ್ನು ಏನು ಮಾಡಬೇಕೆಂದು ಪುರಸಭೆಗೆ ತಿಳಿಯಲಿಲ್ಲ. ಕೆಲವು ತಿಂಗಳ ನಂತರ ಜನನ ಮರಣ ನೋಂದಣಿಗೆ ಹಾಕಿದರು. ತಿಪ್ಪಮ್ಮನ ಮನೆಗೆ ಎರಡು ಸಲ ಹೋದೆ. ಎರಡು ಸಲವೂ ಬಾಗಿಲು ತೆರೆದಳು, ಕೂರಿ ಎಂದಳು, ತನ್ನ ಪಾಡಿಗೆ ಸೌತೆಕಾಯಿ ತೊಳೆಯುತ್ತಿದ್ದಳು. ಈಗ ಅವಳು ಗೇಟಿನ ಬೇವಿನಡಿ ಕೂರುತ್ತಾಳೆ. ದ್ಯಾವೀರಪ್ಪ ಬಡಿದು ಗಟ್ಟಿ ಎಂದ ಮರವಂತೆ, ಅದಕ್ಕೆ.

ದ್ಯಾವೀರಪ್ಪ ಕೊಡತಿ ಕೆಲಸ ಮುಂದುವರಿಸುವುದಕ್ಕೆ ಮುಖ್ಯಾಧಿಕಾರಿಯ ಮುಂದೆ ಒಂದೇ ಷರತ್ತು ಇಟ್ಟ. ಹತ್ತೊಂಬತ್ತು ಮರಗಳ ಅಳತೆಗೂ ನಾನು ಬರಬೇಕು, ಸುಣ್ಣದ ಡಬ್ಬಿ ನಾನೇ ಹಿಡಿಯಬೇಕು. ನೆರಳು ಕಲ್ಲು ದಾಟಿದ್ದರೆ ಗೂಟದ ಬಳಿ ನಿಂತು, ಕಡಿಸಿದವರ ಹೆಸರನ್ನು ನಾನೇ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಈ ವರ್ಷ ನಾಲ್ಕು ನೆರಳುಗಳನ್ನು ಅಳೆದೆವು. ಒಂದು ಒಳಗೆ ಸರಿದಿತ್ತು. ಮೂರು ದಾಟಿದ್ದವು. ಇನ್ನೂ ಹದಿನೈದು ಬಾಕಿ ಇವೆ.

ಅವನು ನನ್ನ ಜೊತೆ ಮಾತಾಡುವುದಿಲ್ಲ. ಹಗ್ಗ ಹಿಡಿದು ಮುಂದೆ ನಡೆಯುತ್ತಾನೆ, ನಾನು ಸುಣ್ಣ ಹಾಕುತ್ತಾ ಹಿಂದೆ ಹೋಗುತ್ತೇನೆ. ನೆರಳು ಕಲ್ಲು ದಾಟಿದ ಕಡೆ ಅವನು ನಿಲ್ಲುತ್ತಾನೆ. ನಾನು ಗೂಟದ ಬಳಿಗೆ ಹೋಗಿ ಜಯಶೀಲಾ ಎಂದು ನನ್ನ ಹೆಸರು ಹೇಳುತ್ತೇನೆ. ಮೊದಲ ಸಲ ದನಿ ಏಳುವುದಿಲ್ಲ, ಮತ್ತೊಮ್ಮೆ ಹೇಳಬೇಕಾಗುತ್ತದೆ. ಅದು ಎಲ್ಲರಿಗೂ ಕೇಳಿಸುವವರೆಗೆ ದ್ಯಾವೀರಪ್ಪ ಹಗ್ಗ ಸುತ್ತುವುದಿಲ್ಲ.